ಟ್ಯಾಂಕಿನಲ್ಲಿ ಮೀನುಗಳ ಜಗಳ: ಕಲ್ಲು ಗಿಡ ಬದಲಿಸುವುದೋ, ಗುಂಪು ಹೆಚ್ಚಿಸುವುದೋ, ಮೀನನ್ನೇ ಕಳಿಸುವುದೋ?

ಮೂರಡಿ ಟ್ಯಾಂಕ್ ಕೊಂಡ ಮನೆಗೆ ಅಂಗಡಿಯಿಂದ ಬರುವ ಮೀನುಗಳ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತದೆ: ನಾಲ್ಕು ಏಂಜೆಲ್, ನಾಲ್ಕು ಟೈಗರ್ ಬಾರ್ಬ್, ಒಂದು ಜೊತೆ ಬ್ಲೂ ಗೌರಾಮಿ, ಬಣ್ಣ ಚೆನ್ನಾಗಿದೆ ಅಂತ ಒಂದು ರೆಡ್‌ಟೈಲ್ ಶಾರ್ಕ್, ಗಾಜಿನ ಪಾಚಿ ತಿನ್ನಲಿಕ್ಕೆ ಒಂದು ಆಲ್ಗೀ ಈಟರ್. ತಂದ ದಿನ ಎಲ್ಲವೂ ಒಂದೂವರೆ ಇಂಚಿನ ಮರಿಗಳು, ಎಲ್ಲವೂ ಸಾಧು. ಎರಡು ಮೂರು ತಿಂಗಳಲ್ಲಿ ಏಂಜೆಲ್‌ಗಳ ಹೊಟ್ಟೆ ಕೆಳಗಿನ ನೀಳ ರೆಕ್ಕೆಗಳು ಅರ್ಧಕ್ಕೆ ಬಂದಿರುತ್ತವೆ, ಗೌರಾಮಿ ಹೆಣ್ಣು ಹೀಟರ್ ಹಿಂದಿನಿಂದ ಹೊರಗೇ ಬರುವುದಿಲ್ಲ, ಒಂದು ಬೆಳಿಗ್ಗೆ ಯಾವುದೋ ಒಂದು ಸತ್ತು ತೇಲುತ್ತಿರುತ್ತದೆ.

ಅಲ್ಲಿಂದ ಸಲಹೆಗಳು ಶುರು. ಒಬ್ಬರು ‘ಕಲ್ಲು ಗಿಡ ಎಲ್ಲಾ ತೆಗೆದು ಬೇರೆ ಥರ ಜೋಡಿಸಿ’ ಅನ್ನುತ್ತಾರೆ. ಇನ್ನೊಬ್ಬರು ‘ಅದೇ ಜಾತಿದು ಇನ್ನೂ ಆರು ತಂದು ಬಿಡಿ’ ಅನ್ನುತ್ತಾರೆ. ತಂಟೆಕೋರನನ್ನು ಬೇರೆ ಹಾಕಿ, ಮಧ್ಯೆ ಜಾಲರಿ ಇಡಿ, ದೊಡ್ಡ ಟ್ಯಾಂಕ್ ತಗೊಳ್ಳಿ, ವಾಪಸ್ ಕೊಟ್ಟುಬಿಡಿ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಟೈಗರ್ ಬಾರ್ಬ್‌ಗೆ ಮದ್ದಾಗುವುದು ರೆಡ್‌ಟೈಲ್ ಶಾರ್ಕ್ ವಿಷಯದಲ್ಲಿ ಜಗಳವನ್ನು ದುಪ್ಪಟ್ಟು ಮಾಡುತ್ತದೆ. ಯಾವ ಮೀನು ಯಾವ ಕಾರಣಕ್ಕೆ ಹೊಡೆಯುತ್ತಿದೆ ಎಂಬುದು ಗೊತ್ತಾದ ಮೇಲೆಯೇ ಉಪಾಯ ಆರಿಸಬೇಕು. ಕಾರಣ ಗೊತ್ತಾಗುವುದಕ್ಕೆ ದುಡ್ಡು ಖರ್ಚಿಲ್ಲ, ಕುರ್ಚಿ ಹಾಕಿಕೊಂಡು ಕೂರಬೇಕು ಅಷ್ಟೆ.

ಮೊದಲು ನೋಡಿ

ಟ್ಯಾಂಕಿಗೆ ಮೂಗು ಹಚ್ಚಿ ನಿಂತರೆ ಏನೂ ಕಾಣುವುದಿಲ್ಲ. ನೀವು ಹತ್ತಿರ ಬಂದರೆ ಊಟ ಬಂತೆಂದು ಎಲ್ಲವೂ ಮುಂದಿನ ಗಾಜಿಗೆ ಬರುತ್ತವೆ, ಜಗಳ ಮರೆಯುತ್ತವೆ. ಆರೇಳು ಅಡಿ ದೂರ ಕೂತು, ಲೈಟ್ ಹಾಕಿದ ಮೇಲೆ ಒಮ್ಮೆ, ಊಟ ಹಾಕುವಾಗ ಒಮ್ಮೆ, ರಾತ್ರಿ ಲೈಟ್ ಆರಿಸುವ ಮುಂಚೆ ಒಮ್ಮೆ ನೋಡಿ. ನೋಡಬೇಕಾದ್ದು ಮೂರು: ಯಾರು ಯಾರನ್ನು ಅಟ್ಟುತ್ತಾರೆ, ಟ್ಯಾಂಕಿನ ಯಾವ ಜಾಗದಲ್ಲಿ, ಅಟ್ಟಿ ಎಲ್ಲಿಗೆ ನಿಲ್ಲಿಸುತ್ತಾರೆ.

ಈ ಮೂರನೆಯದೇ ಮುಖ್ಯ. ಒಂದು ಡ್ರಿಫ್ಟ್‌ವುಡ್ (ಅಲಂಕಾರಕ್ಕೆ ಇಡುವ ಮರದ ಕೊರಡು) ಸುತ್ತ ಮಾತ್ರ ಅಟ್ಟಿ, ಅರ್ಧ ಅಡಿ ಆಚೆ ಹೋದ ಕೂಡಲೇ ಬಿಟ್ಟು ವಾಪಸ್ ಬರುತ್ತಿದ್ದರೆ ಅದು ಜಾಗದ ಜಗಳ. ಟ್ಯಾಂಕಿನ ಈ ತುದಿಯಿಂದ ಆ ತುದಿಯವರೆಗೂ ಒಂದೇ ಮೀನಿನ ಹಿಂದೆ ಬಿದ್ದಿದ್ದರೆ ಅದು ಯಜಮಾನಿಕೆಯ ಜಗಳ ಅಥವಾ ಗಂಡು ಹೆಣ್ಣಿನ ಹಿಂದೆ ಬಿದ್ದಿರುವುದು. ಯಾರನ್ನೂ ಅಟ್ಟದೆ, ನಿಧಾನಕ್ಕೆ ತೇಲುವವರ ಹಿಂದೆ ಹೋಗಿ ಬಾಲದ ತುದಿ ಕಿತ್ತುಕೊಂಡು ಓಡುತ್ತಿದ್ದರೆ ಅದು ಜಗಳವೇ ಅಲ್ಲ, ಬಾಲ ಕಚ್ಚುವ ಚಟ. ಊಟ ಹಾಕಿದ ಎರಡು ನಿಮಿಷ ಮಾತ್ರ ಗಲಾಟೆ ಇದ್ದು ಆಮೇಲೆ ಶಾಂತವಾದರೆ ಊಟ ಹಾಕುವ ಕ್ರಮ ಬದಲಿಸಿದರೆ ಸಾಕು: ಎರಡೂ ತುದಿಗೆ ಏಕಕಾಲಕ್ಕೆ ಹಾಕಿ, ತಳದ ಮೀನಿಗೆ ಮುಳುಗುವ ಪೆಲೆಟ್ಟನ್ನು ಲೈಟ್ ಆರಿಸಿದ ಮೇಲೆ ಹಾಕಿ.

ತನ್ನಂತೆ ಕಾಣುವವನ ಮೇಲಿನ ಸಿಟ್ಟು ಬೇರೆಯೇ ಕಥೆ. ಡಚ್ ವಿಜ್ಞಾನಿ ನಿಕೊ ಟಿನ್‌ಬರ್ಗೆನ್ ಸ್ಟಿಕಲ್‌ಬ್ಯಾಕ್ ಎಂಬ ಪುಟ್ಟ ಮೀನಿನ ಮೇಲೆ ನಡೆಸಿದ ಪ್ರಯೋಗಗಳು ಪ್ರಸಿದ್ಧ. ಸಂತಾನದ ಕಾಲದಲ್ಲಿ ಆ ಗಂಡುಗಳ ಹೊಟ್ಟೆ ಕೆಂಪಾಗುತ್ತದೆ. ಮೀನಿನ ಆಕಾರವೇ ಇಲ್ಲದ ಒರಟು ಗೊಂಬೆಯಾದರೂ ಕೆಳಗೆ ಕೆಂಪು ಬಳಿದಿದ್ದರೆ ಗಂಡು ಅದರ ಮೇಲೆ ಎರಗುತ್ತಿತ್ತು. ಅಚ್ಚುಕಟ್ಟಾಗಿ ಮೀನಿನಂತೆಯೇ ಮಾಡಿದ, ಆದರೆ ಕೆಂಪಿಲ್ಲದ ಗೊಂಬೆಯನ್ನು ಅಷ್ಟಾಗಿ ಲೆಕ್ಕಿಸುತ್ತಿರಲಿಲ್ಲ. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಮೂವರಲ್ಲಿ ಅವರೊಬ್ಬರು. ನಮ್ಮ ಟ್ಯಾಂಕಿನಲ್ಲಿ ಇದರ ಅರ್ಥ ಇಷ್ಟು: ಗಂಡು ಫೈಟರ್ (ಬೆಟ್ಟಾ) ಮೀನು ಇರುವಲ್ಲಿ ದೊಡ್ಡ ಬಣ್ಣದ ಬಾಲದ ಗಂಡು ಗಪ್ಪಿ ಬಿಟ್ಟರೆ ಅದು ಏಟು ತಿನ್ನುತ್ತದೆ, ಪಕ್ಕದಲ್ಲೇ ಈಜುವ ಬೂದು ಬಣ್ಣದ ತಳದ ಮೀನು ಕೋರಿಡೋರಸ್ಸನ್ನು ಫೈಟರ್ ಮೂಸಿಯೂ ನೋಡುವುದಿಲ್ಲ. ರೆಡ್‌ಟೈಲ್ ಶಾರ್ಕ್ ಇರುವ ಟ್ಯಾಂಕಿಗೆ ರೇನ್‌ಬೋ ಶಾರ್ಕ್ ತಂದರೂ ಇದೇ ಪಾಡು.

ಇನ್ನೊಂದು ಮಾತು, ಇದನ್ನು ಬಹಳ ಜನ ಬಿಡುತ್ತಾರೆ. ಏಟು ತಿನ್ನುತ್ತಿರುವ ಮೀನು ಏಟು ತಿಂದು ಸೊರಗಿದೆಯೋ, ಮೊದಲೇ ಕಾಯಿಲೆ ಬಿದ್ದದ್ದರಿಂದ ಏಟು ತಿನ್ನುತ್ತಿದೆಯೋ? ಕುಂಟುತ್ತಾ ಈಜುವ, ಊಟಕ್ಕೆ ಬಾರದ ಮೀನನ್ನು ಸಾಧು ಮೀನುಗಳೂ ಕುಕ್ಕುತ್ತವೆ. ಹಾಗಾಗಿ ಮೀನಿನ ಕೊಳೆಯಿಂದ ನೀರಿಗೆ ಸೇರುವ ವಿಷಗಳಾದ ಅಮೋನಿಯಾ ಮತ್ತು ನೈಟ್ರೈಟ್ ಟೆಸ್ಟ್ ಮೊದಲು ಮಾಡಿ. ಎರಡೂ ಸೊನ್ನೆ ಇರಬೇಕು. ಹೀಟರನ್ನು 29–30 ಡಿಗ್ರಿಗೆ ಇಟ್ಟಿದ್ದರೆ ದಿನಕ್ಕೊಂದು ಡಿಗ್ರಿಯಂತೆ 25–26ಕ್ಕೆ ಇಳಿಸಿ. ನೀರು ಬಿಸಿಯಾದಷ್ಟೂ ಮೀನಿನ ಮೈ ಚುರುಕು, ಮೊಟ್ಟೆ ಇಡುವ ಆಸೆ ಹೆಚ್ಚು, ಅದರ ಜೊತೆಗೆ ಸಿಟ್ಟೂ ಹೆಚ್ಚು.

ಏನೂ ಮಾಡದೆ ಇರುವುದೂ ಒಂದು ಆಯ್ಕೆ. ಒಂದೇ ಜಾತಿಯ ಗುಂಪಿನೊಳಗೆ ಅಟ್ಟಾಟ ಇದ್ದು, ರೆಕ್ಕೆಗಳು ಪೂರ್ತಿ ಇದ್ದು, ಎಲ್ಲರೂ ಊಟಕ್ಕೆ ಬರುತ್ತಿದ್ದರೆ ಸುಮ್ಮನಿರಿ. ಜೀಬ್ರಾ ಡಾನಿಯೋಗಳು ಇಡೀ ದಿನ ಒಂದನ್ನೊಂದು ಅಟ್ಟುತ್ತಲೇ ಇರುತ್ತವೆ, ಏನೂ ಆಗುವುದಿಲ್ಲ. ರೆಕ್ಕೆ ಮುದುಡಿಕೊಂಡು ಮೇಲಿನ ಮೂಲೆಯಲ್ಲಿ ನಿಂತಿರುವುದು, ಬಣ್ಣ ಬಿಳಿಚಿಕೊಳ್ಳುವುದು, ಹುರುಪೆ ಎದ್ದಿರುವುದು, ಊಟ ಬಿಡುವುದು: ಇವುಗಳಲ್ಲಿ ಒಂದು ಕಂಡರೂ ಅವತ್ತೇ ಕೈ ಹಾಕಬೇಕು.

ಅಲಂಕಾರ ಬದಲಿಸುವುದು

ಜಾಗದ ಜಗಳಕ್ಕೆ ಇದಕ್ಕಿಂತ ಅಗ್ಗದ ಉಪಾಯ ಇಲ್ಲ. ಮೊದಲು ಬಂದ ಮೀನಿಗೆ ಟ್ಯಾಂಕಿನ ಮೂಲೆ ಮೂಲೆ ಗೊತ್ತು. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದವನ ಧೈರ್ಯ ಅದರದ್ದು. ಗುರುತು ಹಿಡಿದಿದ್ದ ಕಲ್ಲು, ಗಿಡ, ಗುಹೆ ಎಲ್ಲವೂ ಜಾಗ ಬದಲಿಸಿದರೆ ಆ ಹಕ್ಕು ಹೋಗುತ್ತದೆ, ಹಳಬರೂ ಹೊಸಬರೂ ಒಟ್ಟಿಗೆ ಹುಡುಕಾಟ ಶುರು ಮಾಡಬೇಕಾಗುತ್ತದೆ.

ಆದರೆ ಒಂದು ಕಲ್ಲನ್ನು ನಾಲ್ಕು ಇಂಚು ಆಚೆ ಸರಿಸಿದರೆ ಅದು ಬದಲಾವಣೆಯಲ್ಲ. ದೊಡ್ಡ ಡ್ರಿಫ್ಟ್‌ವುಡ್ ಎಡದಲ್ಲಿದ್ದರೆ ಬಲಕ್ಕೆ ಹೋಗಬೇಕು, ಮಧ್ಯದ ಬಯಲಿನಲ್ಲಿ ಎತ್ತರದ ಗಿಡ ಬರಬೇಕು. ಗುರಿ ಒಂದೇ: ಟ್ಯಾಂಕಿನ ಒಂದು ತುದಿಯಲ್ಲಿ ನಿಂತ ಮೀನಿಗೆ ಇನ್ನೊಂದು ತುದಿ ಕಾಣಬಾರದು. ಕಣ್ಣಿಗೆ ಬೀಳದವನನ್ನು ಅಟ್ಟುವುದು ಆಗುವುದಿಲ್ಲ. ಇದಕ್ಕೆ ಅಂಗಡಿಯ ದುಬಾರಿ ಅಲಂಕಾರ ಬೇಡ. ಅಂಚು ಉಜ್ಜಿ ನಯ ಮಾಡಿದ ಮಂಗಳೂರು ಹೆಂಚಿನ ತುಂಡು, ಬಾಯಿ ಒಡೆದ ಮಣ್ಣಿನ ಕುಂಡ, ಚೆನ್ನಾಗಿ ಕುದಿಸಿ ನಾರು ತೆಗೆದ ತೆಂಗಿನ ಚಿಪ್ಪು, ಗ್ರಾನೈಟ್ ತುಂಡು ಎಲ್ಲವೂ ನಡೆಯುತ್ತವೆ. ಸುಣ್ಣಕಲ್ಲು, ಅಮೃತಶಿಲೆ ಮಾತ್ರ ಬೇಡ, ನೀರಿನ ಗಡಸುತನ ಏರಿಸುತ್ತವೆ. ಪ್ರತಿ ಗುಹೆಗೂ ಎರಡು ಬಾಯಿ ಇರಲಿ. ಒಂದೇ ಬಾಯಿಯ ಗುಹೆಯೊಳಗೆ ಹೊಕ್ಕವನಿಗೆ ಹೊರಗೆ ಕಾದಿರುವವನಿಂದ ತಪ್ಪಿಸಿಕೊಳ್ಳುವ ದಾರಿಯೇ ಇರುವುದಿಲ್ಲ. ಮೇಲ್ಪದರದಲ್ಲಿ ಜಗಳವಿದ್ದರೆ ಕಲ್ಲು ಸರಿಸಿ ಪ್ರಯೋಜನವಿಲ್ಲ, ನಾಲ್ಕಾರು ಅಂತರಗಂಗೆ ತೇಲಿಬಿಡಿ. ಬೇರುಗಳು ಅಡ್ಡ ಬರುತ್ತವೆ, ಬೆಳಕೂ ಮಂದವಾಗುತ್ತದೆ. ಇಡೀ ಮೇಲ್ಮೈ ಮುಚ್ಚಲು ಬಿಡಬೇಡಿ. ಗೌರಾಮಿ, ಫೈಟರ್ ಮೇಲೆ ಬಂದು ಗಾಳಿ ಕುಡಿಯುವ ಮೀನುಗಳು.

ರೆಡ್‌ಟೈಲ್ ಶಾರ್ಕ್, ಗಂಡು ಗೌರಾಮಿ, ಆಫ್ರಿಕಾದ ಮಲಾವಿ ಸರೋವರದ ಬಂಡೆ ಸಿಕ್ಲಿಡ್‌ಗಳು (ಏಂಜೆಲ್ ಕೂಡ ಸೇರಿದ ಮೀನಿನ ಕುಟುಂಬ) ಇವಕ್ಕೆಲ್ಲ ಇದು ಕೆಲಸ ಮಾಡುತ್ತದೆ. ಟೈಗರ್ ಬಾರ್ಬ್‌ಗೆ ಮಾಡುವುದಿಲ್ಲ, ಅದಕ್ಕೆ ತನ್ನದೆನ್ನುವ ಜಾಗವೇ ಇಲ್ಲ. ಮೊಟ್ಟೆ ಇಟ್ಟ ಜೋಡಿಗೂ ಮಾಡುವುದಿಲ್ಲ. ಕೆಲವು ಟ್ಯಾಂಕುಗಳಲ್ಲಿ ಪರಿಣಾಮ ಎರಡು ಮೂರು ವಾರಕ್ಕೇ ಮುಗಿದು ಹಳೇ ಯಜಮಾನನೇ ಹೊಸ ಜಾಗ ಹಿಡಿದು ಕೂರುವುದೂ ಉಂಟು. ಬೇರು ಬಿಟ್ಟ ಗಿಡಗಳ ಟ್ಯಾಂಕ್ ನಿಮ್ಮದಾಗಿದ್ದರೆ ಎಲ್ಲ ಕಿತ್ತು ಜೋಡಿಸುವುದು ಬೇಡ, ತಳದ ಕೊಳೆ ಎದ್ದು ನೀರು ಹಾಳಾಗುತ್ತದೆ. ಅಂಥವರು ನೇರ ಮುಂದಿನ ಉಪಾಯಗಳಿಗೆ ಹೋಗುವುದೇ ಮೇಲು.

ಸಂಖ್ಯೆ ಹೆಚ್ಚಿಸುವುದೋ, ಕಡಿಮೆ ಮಾಡುವುದೋ

‘ಈಗಿರುವ ನಾಲ್ಕೇ ಇಷ್ಟು ತಂಟೆ ಮಾಡುತ್ತಿವೆ, ಇನ್ನೂ ಆರು ತರುವುದಾ?’ ಅಂತ ಕೇಳದವರಿಲ್ಲ. ಟೈಗರ್ ಬಾರ್ಬ್ ವಿಷಯದಲ್ಲಿ ಉತ್ತರ: ಹೌದು, ತರಬೇಕು. ಇಂಡೋನೇಷ್ಯಾದ ತೊರೆಗಳ ಈ ಮೀನು ಗುಂಪಿನಲ್ಲಿ ಬದುಕುವಂಥದ್ದು. ಗುಂಪಿನೊಳಗೆ ಯಾರು ಮೇಲು ಯಾರು ಕೆಳಗೆ ಎಂದು ತೀರ್ಮಾನಿಸುವುದರಲ್ಲೇ ಅದರ ಹೊತ್ತು ಹೋಗುತ್ತದೆ. ಮೂರು ನಾಲ್ಕೇ ಇದ್ದರೆ ಆ ತುರಿಕೆ ಎಲ್ಲ ಪಕ್ಕದವರ ಬಾಲದ ಮೇಲೆ. ಎಂಟು ಹತ್ತು ಇದ್ದರೆ ತಮ್ಮತಮ್ಮೊಳಗೆ ಸೆಣಸಾಡುತ್ತವೆ, ಏಟೂ ಹಂಚಿಹೋಗುತ್ತದೆ. ಸರ್ಪೇ ಟೆಟ್ರಾ, ವಿಡೋ ಟೆಟ್ರಾಗಳಿಗೂ ಇದೇ ಲೆಕ್ಕ. ಹಾಗಂತ ಹತ್ತು ಟೈಗರ್ ಬಾರ್ಬ್ ತಂದ ಮೇಲೆ ಏಂಜೆಲ್ ಕ್ಷೇಮ ಎಂದುಕೊಳ್ಳಬೇಡಿ. ಕಚ್ಚುವುದು ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ನಿಧಾನಕ್ಕೆ ತೇಲುವ ಉದ್ದ ರೆಕ್ಕೆಯ ಮೀನು ಮತ್ತು ಟೈಗರ್ ಬಾರ್ಬ್ ಒಂದೇ ಟ್ಯಾಂಕಿನಲ್ಲಿ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಎರಡರಲ್ಲಿ ಒಂದನ್ನು ಆರಿಸಿ.

ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್‌ಗಳಲ್ಲಿ ಒಟ್ಟು ಸಂಖ್ಯೆಗಿಂತ ಗಂಡು ಹೆಣ್ಣಿನ ಪ್ರಮಾಣ ಮುಖ್ಯ. ಅಂಗಡಿಯವರು ‘ಜೋಡಿ’ ಲೆಕ್ಕದಲ್ಲಿ ಮಾರುವುದೇ ಎಡವಟ್ಟು. ಒಂದು ಗಂಡಿಗೆ ಒಂದೇ ಹೆಣ್ಣು ಕೊಟ್ಟರೆ ಬೆಳಗಿನಿಂದ ರಾತ್ರಿಯವರೆಗೂ ಅದೇ ಹೆಣ್ಣಿನ ಹಿಂದೆ ಬಿದ್ದು ಅದನ್ನು ಸುಸ್ತು ಮಾಡಿ ಸಾಯಿಸುತ್ತದೆ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಲಿ. ಮರಿಗಳ ಕಾಟ ಬೇಡ ಎಂದರೆ ಬರೀ ಗಂಡುಗಳನ್ನೇ ಇಟ್ಟುಕೊಳ್ಳಿ. ಬರೀ ಹೆಣ್ಣು ತಂದರೆ ಮರಿ ನಿಲ್ಲುವುದಿಲ್ಲ, ಒಮ್ಮೆ ಕೂಡಿದ ಗಪ್ಪಿ ಹೆಣ್ಣು ವೀರ್ಯವನ್ನು ಮೈಯೊಳಗೆ ಉಳಿಸಿಕೊಂಡು ತಿಂಗಳುಗಟ್ಟಲೆ ಮರಿ ಹಾಕುತ್ತಲೇ ಇರುತ್ತದೆ. ಗಂಡು ಸ್ವೋರ್ಡ್‌ಟೇಲ್ ಮಾತ್ರ ಒಂದೇ ಇರಲಿ, ಎರಡು ಇದ್ದರೆ ಅವುಗಳ ನಡುವೆಯೇ ಕಾದಾಟ.

ಮಲಾವಿ ಸಿಕ್ಲಿಡ್ ಸಾಕುವವರು ಬೇಕೆಂದೇ ಟ್ಯಾಂಕನ್ನು ಕಿಕ್ಕಿರಿಸುತ್ತಾರೆ, ಯಾರೂ ಒಂದು ಜಾಗ ಹಿಡಿದು ಕೂರಲಾಗದಂತೆ. ಇದು ನಿಜವಾಗಿ ಕೆಲಸ ಮಾಡುವ ಉಪಾಯವೇ. ಆದರೆ ಅಷ್ಟು ಮೀನಿಗೆ ತಕ್ಕ ದೊಡ್ಡ ಫಿಲ್ಟರ್ ಬೇಕು, ವಾರವಾರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೀರು ಬದಲಿಸುವ ಶ್ರದ್ಧೆ ಬೇಕು. ಬೋರ್‌ವೆಲ್ಲಿನ ಗಡಸು ನೀರಿರುವ ಬೆಂಗಳೂರಿನ ಬಡಾವಣೆಗಳಿಗೆ ಈ ಮೀನುಗಳು ಒಗ್ಗುತ್ತವೆ, ಮಲೆನಾಡಿನ ಮೆದು ನೀರಿಗೆ ಅಲ್ಲ. ಇವರನ್ನು ನೋಡಿ ಬೇರೆ ಬೇರೆ ಜಾತಿ ಒಟ್ಟಿಗೆ ಇಡುವ ಸಾಮಾನ್ಯ ಕಮ್ಯುನಿಟಿ ಟ್ಯಾಂಕ್ ಕಿಕ್ಕಿರಿಸಿದರೆ ಜಗಳ ನಿಲ್ಲುವ ಮುಂಚೆ ಅಮೋನಿಯಾ ಏರಿ ಎಲ್ಲವೂ ಸಾಯುತ್ತವೆ.

ಸಂಖ್ಯೆ ಹೆಚ್ಚಿಸಲೇಬಾರದ ಮೀನುಗಳೂ ಇವೆ. ರೆಡ್‌ಟೈಲ್ ಶಾರ್ಕ್ ಒಂದು ಟ್ಯಾಂಕಿಗೆ ಒಂದೇ. ಹೆಸರಿಗೆ ಶಾರ್ಕ್, ಕುಲದಲ್ಲಿ ನಮ್ಮ ಕಾಟ್ಲಾ ರೋಹುಗಳ ಬಂಧು. ಥಾಯ್ಲೆಂಡಿನ ನದಿಗಳಲ್ಲಿ ಈಗ ಅಳಿವಿನ ಅಂಚಿನಲ್ಲಿದೆ, ಮಾರುಕಟ್ಟೆಗೆ ಬರುವುದೆಲ್ಲ ಫಾರ್ಮಿನಲ್ಲಿ ಬೆಳೆಸಿದ್ದು. ಎರಡು ಬಿಟ್ಟರೆ ಸೋತದ್ದರ ಮೈಯ ಕಪ್ಪು ಬೂದಿಯಾಗಿ, ಬಾಲದ ಕೆಂಪು ಮಾಸಿ, ಕೊನೆಗೆ ಸಾಯುವುದೂ ಉಂಟು. ಗಂಡು ಫೈಟರ್ ಕೂಡ ಒಂದೇ. ಹೆಣ್ಣು ಫೈಟರ್‌ಗಳ ಗುಂಪು ಇಡಬಹುದು ಅನ್ನುವವರಿದ್ದಾರೆ, ನಾನಂತೂ ಯಾರಿಗೂ ಹೇಳುವುದಿಲ್ಲ.

ಬೇರೆ ಹಾಕುವುದು: ಹೊಡೆಯುವವನನ್ನೋ, ಹೊಡೆಸಿಕೊಳ್ಳುವವನನ್ನೋ?

ಮನಸ್ಸು ಓಡುವುದು ಏಟು ತಿಂದವನನ್ನು ಕಾಪಾಡುವ ಕಡೆ. ಗಾಯ ಆಗಿದ್ದರೆ ಸರಿ, ಚಿಕಿತ್ಸೆಗೆ ಬೇರೆ ಹಾಕಲೇಬೇಕು. ಗಾಯ ಇಲ್ಲದಿದ್ದರೆ ಅದು ತಪ್ಪು ಆಯ್ಕೆ. ವಾರ ಬಿಟ್ಟು ವಾಪಸ್ ಬಂದ ಬಡಪಾಯಿ ಟ್ಯಾಂಕಿಗೆ ಮತ್ತೆ ಹೊಸಬ. ಇದ್ದ ಒಂದಿಷ್ಟು ಜಾಗವೂ ಹೋಗಿರುತ್ತದೆ, ಮೊದಲಿಗಿಂತ ಜಾಸ್ತಿ ಏಟು ಬೀಳುತ್ತದೆ. ಅದರ ಬದಲು ತಂಟೆಕೋರನನ್ನು ತೆಗೆದು ಒಂದೆರಡು ವಾರ ಬೇರೆ ಟ್ಯಾಂಕಿನಲ್ಲಿಡಿ. ಅಷ್ಟರಲ್ಲಿ ಉಳಿದವರು ಜಾಗ ಹಂಚಿಕೊಂಡಿರುತ್ತಾರೆ. ವಾಪಸ್ ಬಿಡುವ ದಿನ ಅಲಂಕಾರವನ್ನೂ ಬದಲಿಸಿ, ಲೈಟ್ ಆರಿಸಿ, ಉಳಿದವರಿಗೆ ಹೊಟ್ಟೆ ತುಂಬ ಊಟ ಹಾಕಿ, ಆಮೇಲೆ ಬಿಡಿ. ಈಗ ಹೊಸಬನಾದದ್ದು ಅವನು. ಈ ಎರಡು ಉಪಾಯ ಒಂದೊಂದೇ ಮಾಡಿದಾಗ ಆಗದ್ದು ಜೊತೆಯಲ್ಲಿ ಮಾಡಿದಾಗ ಆಗುತ್ತದೆ. ಬ್ಲೂ ಗೌರಾಮಿಯಂಥ ಮೀನಿಗೆ ನಾನು ಮೊದಲು ಹೇಳುವುದು ಇದನ್ನೇ.

ಬೇರೆ ಟ್ಯಾಂಕ್ ಇಲ್ಲ ಎಂದರೆ ಒಳಗೇ ತೂಗುಹಾಕುವ ಬ್ರೀಡಿಂಗ್ ಬಾಕ್ಸ್ ಇದೆ. ಎರಡು ಮೂರು ಇಂಚಿನ ಮೀನಿಗೆ ಕೆಲವು ದಿನ ಸಾಕು, ಅದಕ್ಕಿಂತ ದೊಡ್ಡದಕ್ಕೆ ಹಿಂಸೆ. ಅದರಲ್ಲಿ ಇನ್ನೊಂದು ಕೊರತೆ ಇದೆ: ಬಾಕ್ಸಿನೊಳಗಿಂದ ಅವನಿಗೆ ಎಲ್ಲವೂ ಕಾಣುತ್ತಿರುತ್ತದೆ, ತನ್ನ ಜಾಗದ ನೆನಪು ಹೋಗುವುದೇ ಇಲ್ಲ. ಇಪ್ಪತ್ತು ಲೀಟರಿನ ಒಂದು ಪ್ಲಾಸ್ಟಿಕ್ ಟಬ್, ಮುಖ್ಯ ಟ್ಯಾಂಕಿನಲ್ಲಿ ಮೊದಲೇ ಓಡುತ್ತಿದ್ದ ಸ್ಪಾಂಜ್ ಫಿಲ್ಟರ್, ಮೇಲೆ ಮುಚ್ಚಲು ಜಾಲರಿ, ಇಷ್ಟೇ ಬೇಕಾದ್ದು. ಮುಚ್ಚಳ ಮರೆಯಬೇಡಿ, ಗೌರಾಮಿ ಹಾರುತ್ತದೆ.

ಮೊಟ್ಟೆ ಇಟ್ಟ ಜೋಡಿ ಮತ್ತು ನಡುವಿನ ಜಾಲರಿ

ಏಂಜೆಲ್ ಸಾಕಿದವರಿಗೆ ಈ ದೃಶ್ಯ ಗೊತ್ತಿರುತ್ತದೆ. ನಾಲ್ಕರಲ್ಲಿ ಎರಡು ಜೋಡಿಯಾಗುತ್ತವೆ. ಫಿಲ್ಟರಿನ ಪೈಪನ್ನೋ ಅಗಲ ಎಲೆಯೊಂದನ್ನೋ ಆರಿಸಿಕೊಂಡು ಒಂದು ದಿನವಿಡೀ ಬಾಯಿಂದ ಕಚ್ಚಿ ಕಚ್ಚಿ ಉಜ್ಜುತ್ತವೆ. ಹೆಣ್ಣು ಕೆಳಗಿನಿಂದ ಮೇಲಕ್ಕೆ ಸವರುತ್ತಾ ಸಾಲು ಸಾಲಾಗಿ ಮೊಟ್ಟೆ ಅಂಟಿಸುತ್ತದೆ, ಹಿಂದೆಯೇ ಗಂಡು ಅದೇ ಸಾಲಿನ ಮೇಲೆ ಹಾದುಹೋಗುತ್ತದೆ. ಆಮೇಲೆ ಒಂದು ರೆಕ್ಕೆ ಬೀಸಿ ಮೊಟ್ಟೆಗೆ ನೀರಾಡಿಸುತ್ತಿದ್ದರೆ ಇನ್ನೊಂದು ಕಾವಲು. ಉಳಿದ ಮೀನುಗಳೆಲ್ಲ ಎದುರಿನ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಂತೆ ನಿಂತಿರುತ್ತವೆ. ಮೂರಡಿ ಟ್ಯಾಂಕಿನಲ್ಲಿ ಎರಡಡಿ ಜಾಗ ಆ ಜೋಡಿಯದ್ದು.

ಇದು ದುಷ್ಟತನವಲ್ಲ, ಒಳ್ಳೆಯ ತಂದೆತಾಯಿಯ ಲಕ್ಷಣ. ನಮ್ಮದೇ ನೀರಿನ ಆರೆಂಜ್ ಕ್ರೊಮೈಡ್ ಕೂಡ ಹೀಗೆಯೇ. ಭಾರತದ ಸ್ವಂತ ಸಿಕ್ಲಿಡ್‌ಗಳು ಮೂರೇ: ಕೇರಳದವರು ಕರಿಮೀನ್ ಎನ್ನುವ ಪರ್ಲ್‌ಸ್ಪಾಟ್, ಈ ಆರೆಂಜ್ ಕ್ರೊಮೈಡ್, ಮತ್ತು ದಕ್ಷಿಣ ಕನ್ನಡದ ನದಿಗಳ ಕೆನರಾ ಪರ್ಲ್‌ಸ್ಪಾಟ್. ಆರೆಂಜ್ ಕ್ರೊಮೈಡ್ ಮರಿಗಳು ತಂದೆತಾಯಿಯ ಮೈಯ ಲೋಳೆಯನ್ನೇ ಕುಕ್ಕಿ ತಿನ್ನುತ್ತವೆ. ಬೇರೆ ಹೊತ್ತಿನಲ್ಲಿ ಸಾಧುವಾದ ಈ ಮೀನು ಮರಿಗಳಿರುವಾಗ ತನಗಿಂತ ದೊಡ್ಡವರನ್ನೂ ಬಿಡುವುದಿಲ್ಲ.

ಇಂಥ ಜೋಡಿಯ ಮುಂದೆ ಅಲಂಕಾರ ಬದಲಿಸುವುದು, ಸಂಖ್ಯೆ ಹೆಚ್ಚಿಸುವುದು ಎರಡೂ ವ್ಯರ್ಥ. ಮರಿ ಬೇಕೆಂದರೆ ಜೋಡಿಯನ್ನು ಬೇರೆ ಟ್ಯಾಂಕಿಗೆ ಹಾಕಿ. ಬೇಡವೆಂದರೆ ಮೊಟ್ಟೆ ತೆಗೆದುಬಿಟ್ಟರೆ ಅವತ್ತಿಗೆ ಶಾಂತಿ, ಆದರೆ ಎರಡು ವಾರದೊಳಗೆ ಮತ್ತೆ ಇಡುತ್ತವೆ, ಹಾಗಾಗಿ ಅದು ಉಪಾಯವಲ್ಲ, ಮುಂದೂಡಿಕೆ. ನಡುವೆ ಜಾಲರಿ ಹಾಕುವುದು ಹೊಂದುವುದು ಇಲ್ಲಿಗೇ. ಪ್ಲಾಸ್ಟಿಕ್ ಜಾಲರಿಯನ್ನು ಅಳತೆಗೆ ಕತ್ತರಿಸಿ, ಎರಡೂ ಬದಿಗೆ ಸೀಳಿದ ಏರ್ ಪೈಪ್ ಸಿಕ್ಕಿಸಿ ಗಾಜಿಗೆ ಬಿಗಿಯಾಗಿ ಕೂರಿಸಿ, ಕೆಳಗಿನ ಅಂಚನ್ನು ಮರಳಿನೊಳಗೆ ಒಂದಿಂಚು ಹೂಳಿ. ಫಿಲ್ಟರ್ ಒಂದು ಕಡೆ, ಹೀಟರ್ ಇನ್ನೊಂದು ಕಡೆ ಆಗದಂತೆ ನೋಡಿ, ಎರಡೂ ಕಡೆ ನೀರು ಓಡಾಡಬೇಕು. ಮರಿಗಳು ಈಜುವವರೆಗೆ, ಅಂದರೆ ವಾರ ಹತ್ತು ದಿನಕ್ಕೆ, ಇದು ಒಳ್ಳೆಯ ಏರ್ಪಾಡು. ಕಾಯಂ ಜಾಲರಿ ಹಾಕಿ ಮೂರಡಿ ಟ್ಯಾಂಕನ್ನು ಎರಡು ಇಕ್ಕಟ್ಟಿನ ಟ್ಯಾಂಕ್ ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ. ನೋಡಲೂ ಚೆನ್ನಾಗಿರುವುದಿಲ್ಲ.

ಗೌರಾಮಿಯಲ್ಲಿ ಸ್ವಲ್ಪ ಬೇರೆ. ಅಲ್ಲಿ ಗುಳ್ಳೆಗೂಡು ಕಟ್ಟಿ ಕಾಯುವುದು ಗಂಡು ಮಾತ್ರ. ಮೊಟ್ಟೆ ಇಟ್ಟಾದ ಮೇಲೆ ಹೆಣ್ಣೂ ಅದಕ್ಕೆ ವೈರಿಯೇ. ಮೇಲ್ಮೈಯಲ್ಲಿ ಗುಳ್ಳೆಯ ರಾಶಿ ಕಂಡ ದಿನವೇ ಹೆಣ್ಣಿಗೆ ಅಡಗುವ ಜಾಗ ಇದೆಯೇ ನೋಡಿ. ಇಲ್ಲದಿದ್ದರೆ ನೀರು ಬದಲಿಸುವಾಗ ಆ ಗೂಡನ್ನು ಕಲಕಿಬಿಡಿ.

ದೊಡ್ಡ ಟ್ಯಾಂಕ್

ಇದನ್ನು ಮೊದಲ ಉಪಾಯವಾಗಿ ಹೇಳುವವರೇ ಜಾಸ್ತಿ, ನಾನು ಕೊನೆಯ ಸಾಲಿನಲ್ಲಿ ಇಡುತ್ತೇನೆ. ಲೆಕ್ಕ ನೋಡಿ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿನಲ್ಲಿ ಅಂಚಿನವರೆಗೆ ತುಂಬಿದರೆ ಸುಮಾರು 56 ಲೀಟರ್. ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರದ್ದರಲ್ಲಿ 127. ನಾಲ್ಕಡಿ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರದ್ದಕ್ಕೆ 250 ಲೀಟರ್ ದಾಟುತ್ತದೆ. ಅಂದರೆ ಬರೀ ನೀರೇ ಕಾಲು ಟನ್, ಗಾಜು ಕಲ್ಲು ಸ್ಟ್ಯಾಂಡ್ ಬೇರೆ. ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿ ಇಡುವ ಮುಂಚೆ ಮನೆ ಮಾಲೀಕರ ಮಾತೂ ಕೇಳಬೇಕಾಗುತ್ತದೆ.

ಜಗಳದ ದೃಷ್ಟಿಯಿಂದ ಲೀಟರಿಗಿಂತ ನೆಲದ ಅಳತೆ ಮುಖ್ಯ. ಎತ್ತರ ಹೆಚ್ಚಿಸಿದರೆ ಲೀಟರ್ ಏರುತ್ತದೆ, ಓಡಿ ತಪ್ಪಿಸಿಕೊಳ್ಳುವ ದೂರ ಏರುವುದಿಲ್ಲ. ಅಂಗಡಿಯವರು ಎತ್ತರದ ಟ್ಯಾಂಕ್ ತೋರಿಸಿ ‘ಇದೂ ಅಷ್ಟೇ ಲೀಟರ್ ಸಾರ್’ ಅಂದರೆ ಒಪ್ಪಬೇಡಿ, ಉದ್ದ ಅಗಲದ್ದನ್ನೇ ಕೇಳಿ. ಮೀನಿಗೆ ಟ್ಯಾಂಕ್ ನಿಜವಾಗಿಯೂ ಚಿಕ್ಕದಾಗಿದ್ದರೆ, ಬೆಳೆದ ಏಂಜೆಲ್‌ಗಳು ಎರಡಡಿ ಟ್ಯಾಂಕಿನಲ್ಲಿದ್ದರೆ, ದೊಡ್ಡದು ಕೊಳ್ಳಲೇಬೇಕು. ಹೊಂದಾಣಿಕೆಯೇ ಇಲ್ಲದ ಮೀನುಗಳಿಗಾಗಿ ದೊಡ್ಡದು ಕೊಂಡರೆ ಅದೇ ಜಗಳ ಇನ್ನಷ್ಟು ದುಬಾರಿ ಗಾಜಿನೊಳಗೆ ನಡೆಯುತ್ತದೆ.

ಕಳಿಸಿಬಿಡುವುದು

ಕೆಲವು ಮೀನುಗಳ ಬಗ್ಗೆ ಚರ್ಚೆಯೇ ಬೇಡ. ಚೈನೀಸ್ ಆಲ್ಗೀ ಈಟರ್ ಮರಿಯಾಗಿದ್ದಾಗ ಪಾಚಿ ತಿನ್ನುತ್ತದೆ, ಬೆಳೆದ ಹಾಗೆ ಪಾಚಿಯ ಮೇಲಿನ ಆಸೆ ಬಿಟ್ಟು ಏಂಜೆಲ್, ಗೋಲ್ಡ್‌ಫಿಶ್‌ಗಳಂಥ ಅಗಲ ಮೈಯವರ ಪಕ್ಕೆಗೆ ಅಂಟಿಕೊಂಡು ಲೋಳೆ ಹೀರುತ್ತದೆ. ಪಕ್ಕೆಯ ಮೇಲೆ ದುಂಡನೆಯ ಕೆಂಪು ಗುರುತು ಕಂಡರೆ ಮೊದಲು ಇದನ್ನು ಅನುಮಾನಿಸಿ. ಕಲ್ಲು ಸರಿಸಿದರೂ ಗುಂಪು ಹೆಚ್ಚಿಸಿದರೂ ಇದರ ಬುದ್ಧಿ ಬದಲಾಗುವುದಿಲ್ಲ. ಫ್ಲವರ್‌ಹಾರ್ನ್, ಆಸ್ಕರ್ ಮರಿಗಳನ್ನು ‘ಇನ್ನೂ ಚಿಕ್ಕದಲ್ವಾ’ ಅಂತ ಕಮ್ಯುನಿಟಿ ಟ್ಯಾಂಕಿಗೆ ಬಿಟ್ಟಿದ್ದರೂ ಅಷ್ಟೆ. ಏಂಜೆಲ್ ಜೊತೆ ನಿಯಾನ್ ಟೆಟ್ರಾ ಇದ್ದರೆ ಅದು ಜಗಳವೂ ಅಲ್ಲ, ಬೆಳೆದ ಏಂಜೆಲ್ ಬಾಯಿಗೆ ನಿಯಾನ್ ಹಿಡಿಸುತ್ತದೆ, ತಿನ್ನುತ್ತದೆ.

ಬಹಳಷ್ಟು ಅಂಗಡಿಗಳು ಆರೋಗ್ಯವಾಗಿರುವ ಮೀನನ್ನು ವಾಪಸ್ ತೆಗೆದುಕೊಳ್ಳುತ್ತವೆ, ಬದಲಿಗೆ ಊಟದ ಡಬ್ಬಿಯನ್ನೋ ಬೇರೆ ಮೀನನ್ನೋ ಕೊಡುತ್ತವೆ. ಕೊಂಡ ಬೆಲೆ ಸಿಗುವುದಿಲ್ಲ, ಅದಕ್ಕೆ ಚೌಕಾಸಿ ಮಾಡಿ ಫಲವಿಲ್ಲ. ಸಾಕುವವರ ವಾಟ್ಸಾಪ್ ಗುಂಪುಗಳಲ್ಲಿ ಕೇಳಿದರೆ ಒಂಟಿ ಮೀನಿಗೆ ಟ್ಯಾಂಕ್ ಇಟ್ಟುಕೊಂಡವರು ಸಿಗುತ್ತಾರೆ. ಹತ್ತಿರದ ಕೆರೆಗೆ ಮಾತ್ರ ಬಿಡಬೇಡಿ. ಹೀಗೆ ಹೊರಬಿದ್ದ ಸಕ್ಕರ್ ಕ್ಯಾಟ್‌ಫಿಶ್ ದೇಶದ ಎಷ್ಟೋ ಕೆರೆ ನದಿಗಳಲ್ಲಿ ಬೀಡುಬಿಟ್ಟು, ಮೀನುಗಾರರ ಬಲೆ ಹರಿದು, ನಮ್ಮ ಮೀನುಗಳ ಜಾಗ ಕಿತ್ತುಕೊಂಡಿದೆ.

ಮೊದಲು ಹೇಳಿದ ಆ ಮೂರಡಿ ಟ್ಯಾಂಕ್ ನನ್ನ ಕೈಗೆ ಬಂದರೆ ಆಲ್ಗೀ ಈಟರನ್ನು ಮೊದಲ ದಿನವೇ ಅಂಗಡಿಗೆ ಕಳಿಸುತ್ತೇನೆ. ಆಮೇಲೆ ಮನೆಯವರನ್ನು ಕೇಳುತ್ತೇನೆ, ಏಂಜೆಲ್ ಇಷ್ಟವೋ ಟೈಗರ್ ಬಾರ್ಬ್ ಇಷ್ಟವೋ ಎಂದು. ಏಂಜೆಲ್ ಎಂದರೆ ಬಾರ್ಬ್‌ಗಳು ಹೋಗಬೇಕು, ನಾಲ್ಕು ಏಂಜೆಲ್‌ಗಳಲ್ಲಿ ಜೋಡಿ ಕಟ್ಟಿದ ಎರಡನ್ನು ಮಾತ್ರ ಉಳಿಸಿಕೊಂಡು, ಗೌರಾಮಿಗಳನ್ನೂ ಕೊಟ್ಟು, ಬದಲಿಗೆ ಏಂಜೆಲ್ ಬಾಯಿಗೆ ಹಿಡಿಸದ ಸಾಧು ಮೀನುಗಳನ್ನು ಮತ್ತು ತಳಕ್ಕೆ ಆರು ಕೋರಿಡೋರಸ್ ತರುತ್ತೇನೆ. ಬಾರ್ಬ್ ಎಂದರೆ ಕೆಲಸ ಇನ್ನೂ ಸುಲಭ: ಏಂಜೆಲ್, ಗೌರಾಮಿ ಎರಡೂ ಹೋಗಲಿ, ಬಾರ್ಬ್ ಹತ್ತಾಗಲಿ, ರೆಡ್‌ಟೈಲ್ ಶಾರ್ಕ್ ಒಂದು ಅವುಗಳ ಜೊತೆ ಆರಾಮಾಗಿ ಇರುತ್ತದೆ. ಎರಡೂ ಬೇಕು ಎನ್ನುವವರಿಗೆ ಎರಡು ಟ್ಯಾಂಕ್ ಬೇಕು.

ಹೊಸ ಮೀನು ತರುವಾಗ ಸಾಧು ಜಾತಿ ಮೊದಲು, ಜಾಗ ಹಿಡಿಯುವ ಜಾತಿ ಕೊನೆಗೆ. ತಂದದ್ದನ್ನು ಎರಡು ಮೂರು ವಾರ ಬೇರೆ ಟಬ್ಬಿನಲ್ಲಿಟ್ಟು ಕಾಯಿಲೆ ಇಲ್ಲ ಎಂದು ಖಾತ್ರಿಯಾದ ಮೇಲೆ, ರಾತ್ರಿ ಲೈಟ್ ಆರಿಸಿ ಬಿಡಿ. ಗಾಯವಾದ ಮೀನಿಗೂ ಅದೇ ಟಬ್: ಲೀಟರಿಗೆ ಒಂದರಿಂದ ಎರಡು ಗ್ರಾಂ ಅಯೋಡಿನ್ ಇಲ್ಲದ ಕಲ್ಲುಪ್ಪು, ಒಣಗಿದ ಕಾಡುಬಾದಾಮಿ ಎಲೆ ಒಂದು, ಎರಡು ದಿನಕ್ಕೊಮ್ಮೆ ಕಾಲು ಭಾಗ ಹೊಸ ನೀರು. ಕೋರಿಡೋರಸ್, ಲೋಚ್‌ಗಳಿಗೆ ಉಪ್ಪು ಆಗುವುದಿಲ್ಲ, ಅವಕ್ಕೆ ಶುದ್ಧ ನೀರೇ ಔಷಧಿ. ಹರಿದ ರೆಕ್ಕೆಯ ಅಂಚಿನಲ್ಲಿ ಬಣ್ಣವಿಲ್ಲದ ತೆಳು ಪೊರೆ ಕಂಡರೆ ಹೊಸದು ಬೆಳೆಯುತ್ತಿದೆ ಎಂದರ್ಥ. ಅಂಚು ಕೆಂಪಾಗಿ ದಿನದಿನಕ್ಕೆ ಹಿಂದೆ ಸರಿಯುತ್ತಿದ್ದರೆ, ಅಥವಾ ಬಿಳಿ ಬೂಸ್ಟು ಕಟ್ಟಿದರೆ ಸೋಂಕು ತಗುಲಿದೆ. ಆಗ ಉಪ್ಪನ್ನು ನಂಬಿ ಕೂರದೆ ಔಷಧಿ ತರಬೇಕು.